ಟೇಪತ್ತೆ ಮತ್ತು ಬಾಯಿ ಬಿಡದ ಕಾಜಾಗಳು

ನಮ್ಮ ಬೀದಿಯ ಟೇಪತ್ತೆಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ, ಭುಜ ನೆನಪಿರುತ್ತಿತ್ತು. ಎದುರು ಸಿಕ್ಕವರು ನಮಸ್ಕಾರ ಅಂದರೆ ಪಿಳಿಪಿಳಿ ನೋಡುತ್ತಿದ್ದಳು. ಅವರು ಬೇಸರದಿಂದ ಬೆನ್ನು ತಿರುಗಿಸಿ ಹೊರಟ ಮೇಲೆ, "ಓಹೋ, ಎಡಭುಜ ಇಳಿದಿದೆಯಲ್ಲಾ, ಬ್ಯಾಂಕಿನ ಗುಮಾಸ್ತರು! ಚೆನ್ನಾಗಿದೀರಾ?" ಎಂದು ಹಿಂದಿನಿಂದ ಕೂಗುತ್ತಿದ್ದಳು.

ಅವಳ ಅಂಗಡಿ ಒಂದು ಹಳೆಯ ಮನೆಯ ಮೆಟ್ಟಿಲ ಕೆಳಗಿತ್ತು. ಬಾಡಿಗೆದಾರರು ಮೇಲೆ ಹತ್ತಿದರೆ ಅವಳ ತಲೆಯ ಮೇಲೇ ಹತ್ತಿದ ಹಾಗೆ ಸದ್ದು. ಒಳಗೆ ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಅಂಚು ಕಪ್ಪಾದ ನಿಲುವುಗನ್ನಡಿ, ಮೂಲೆಯಲ್ಲಿ ಒಂದು ಹೂವಿನ ಪರದೆ. ಊರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಡುವವಳು ತನ್ನ ಪರದೆಯನ್ನು ಮಾತ್ರ ಮೊಣಕಾಲ ಮಟ್ಟಕ್ಕೆ ನಿಲ್ಲಿಸಿಬಿಟ್ಟಿದ್ದಳು. ಹಾಗಾಗಿ ಒಳಗೆ ಬಟ್ಟೆ ಬದಲಾಯಿಸುವವರು ಯಾರೆಂದು ಅವರ ಕಾಲು ನೋಡಿಯೇ ಬೀದಿ ಹೇಳುತ್ತಿತ್ತು.

ಕೊರಳಲ್ಲಿ ಸದಾ ಅಳತೆಯ ಟೇಪು. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾಳೋ ಇಲ್ಲವೋ ಎಂಬುದು ಬೀದಿಯಲ್ಲಿ ಇನ್ನೂ ಇತ್ಯರ್ಥವಾಗದ ವಿಷಯ. ಬಾಯಲ್ಲಿ ಸದಾ ಗುಂಡುಸೂಜಿಗಳ ಸಾಲು, ಮಾತೆಲ್ಲ ಅದರ ಸಂದಿನಿಂದ. "ಹ್ಞೂ", "ತಿರುಗು", "ಉಸಿರು ಬಿಡು, ಹೊಟ್ಟೆ ಎಳ್ಕೊಂಡು ನಂಗೆ ಮೋಸ ಮಾಡ್ಬೇಡ". ಇಷ್ಟರಲ್ಲೇ ವ್ಯವಹಾರ ಮುಗಿಯುತ್ತಿತ್ತು. ಅವಳು ಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಮಣಿಕಟ್ಟಿಗೆ ಕಟ್ಟಿದ ಮೆತ್ತೆಗೆ ಚುಚ್ಚತೊಡಗಿದರೆ ಮಾತ್ರ ಎದುರಿದ್ದವರು ನೆಟ್ಟಗಾಗುತ್ತಿದ್ದರು. ವಿಷಯ ದೊಡ್ಡದಿದೆ ಎಂದರ್ಥ.

ಅವಳಿಗೆ ತನ್ನವನೆಂದು ಇದ್ದವನು ತೀರಿಹೋದ ಅಣ್ಣನ ಮಗ ಒಬ್ಬನೇ. ತೊದಲುವ ವಯಸ್ಸಿನಲ್ಲಿ ಬಂದವನು ಕತ್ತರಿಸುವ ಮೇಜಿನಡಿ ಚಿಂದಿಯ ರಾಶಿಯ ಮೇಲೆ ಮಲಗಿ ಬೆಳೆದ. ಉಳಿದ ಮಕ್ಕಳು ಸದ್ದಾದರೆ ಏಳುತ್ತವೆ. ಇವನು ಯಂತ್ರದ ಸದ್ದು ನಿಂತರೆ ಎದ್ದು ಅಳುತ್ತಿದ್ದ. ದೊಡ್ಡವನಾದ ಮೇಲೆ ಅತ್ತೆ ಹೊಲಿದ ಅಂಗಿಯ ಕಾಲರನ್ನು ಸದಾ ಮೇಲೆತ್ತಿಕೊಂಡು ತಿರುಗುತ್ತಿದ್ದುದರಿಂದ ಬೀದಿ ಅವನನ್ನು ಕಾಲರ್ ಎಂದೇ ಕರೆಯಿತು. ಅತ್ತೆ ಮಾತ್ರ 'ಮರೀ' ಅನ್ನುತ್ತಿದ್ದಳು, ಅವನಿಗೆ ಮೀಸೆ ಬಂದ ಮೇಲೂ.

ಅಂಗಿ ಹೊಲಿಯುವವರು ಒಬ್ಬರಾದರೆ ಕಾಜಾ ಹಾಕುವವರು ಇನ್ನೊಬ್ಬರು. ಗುಂಡಿ ತೂರಿಸುವ ಸಣ್ಣ ಸೀಳಿನ ಸುತ್ತ ಒತ್ತೊತ್ತಾಗಿ ದಾರ ಕೂರಿಸುವುದಕ್ಕೆ ಬೇರೆಯೇ ಯಂತ್ರ ಬೇಕು. ಆ ಯಂತ್ರ ನಮ್ಮ ಕಡೆ ಇದ್ದದ್ದು ಸೇತುವೆಯ ಬುಡದಲ್ಲಿ ಅಂಗಡಿ ಇಟ್ಟಿದ್ದ ಕಾಜಾ ಮಾವನ ಹತ್ತಿರ ಮಾತ್ರ. ಅದೂ ಮುದಿ ಯಂತ್ರ. ಹೊಲಿಯುತ್ತಿತ್ತೇ ಹೊರತು ಸೀಳುತ್ತಿರಲಿಲ್ಲ. ಹೊಲಿದ ಮೇಲೆ ದಾರದ ಎರಡು ಅಂಚುಗಳ ನಡುವೆ ಬ್ಲೇಡು ಆಡಿಸಿ ಕಾಜಾದ ಬಾಯಿ ಬಿಡಿಸಬೇಕಿತ್ತು. ಶಾಲೆ ಬಿಟ್ಟ ಸಂಜೆಗಳಲ್ಲಿ ಕಾಲರ್ ಮಾಡುತ್ತಿದ್ದದ್ದು ಅದೇ ಕೆಲಸ. ಅವನ ಕೈ ಎಷ್ಟು ಹದವಾಗಿತ್ತೆಂದರೆ ಒಂದು ಎಳೆಯೂ ತುಂಡಾಗುತ್ತಿರಲಿಲ್ಲ.

ಕಾಜಾ ಮಾವ ನದಿಯ ಆಚೆ ದಡದವನು. ಆಚೆ ದಡದವರು ದೇವರನ್ನು ಕರೆಯುವ ರೀತಿ ಬೇರೆ, ಮದುವೆ ಮಾಡುವ ರೀತಿ ಬೇರೆ. ಮಾತು ನಮ್ಮದೇ, ಆದರೆ ಪ್ರತಿ ಮಾತಿನ ಬಾಲವನ್ನು ಒಂದಿಷ್ಟು ಎಳೆಯುತ್ತಾರೆ. ಆ ಎಳೆತವನ್ನು ಅಣಕಿಸುವುದರಲ್ಲಿ ಕಾಲರ್ ಚಿಕ್ಕಂದಿನಿಂದ ನಿಸ್ಸೀಮ. "ಇನ್ನೊಂದು ಸಲ ಹೇಳೋ" ಎಂದು ಕಾಜಾ ಮಾವನೇ ಹೇಳಿಸಿ ಹೇಳಿಸಿ, ಕಣ್ಣೊರೆಸಿಕೊಂಡು ನಗುತ್ತಿದ್ದ. ತನ್ನ ಅಂಗಡಿಯ ಹಿಂಬಾಗಿಲಿನ ಚಿಲಕಕ್ಕೆ ಒಂದು ದಾರ ಕಟ್ಟಿ, ಬಾಗಿಲ ತೂತಿನಿಂದ ಹೊರಗೆ ಇಳಿಬಿಟ್ಟಿದ್ದ. ಅದನ್ನು ಮೊದಲು ಕೆಳಗೆ, ಆಮೇಲೆ ಓರೆಯಾಗಿ ಎಳೆಯಬೇಕು. ಆ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ: ಮಾವನಿಗೆ, ಕಾಲರಿಗೆ.

ಕಾಲರ್ ಬಿಸ್ಕತ್ತು ಕಾರ್ಖಾನೆಗೆ ಸೇರಿದ. ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದ. ಕೆಲಸ ಹೋಯ್ತು, ಅಷ್ಟೇ ಅಂದ. ಅವನ ಜಾಗಕ್ಕೆ ಆಚೆ ದಡದ ಹುಡುಗನೊಬ್ಬ ಬಂದನೆಂದು ಬೀದಿಗೆ ಮರುವಾರ ಗೊತ್ತಾಯಿತು. ಅತ್ತೆ ಎಷ್ಟು ಕೇಳಿದರೂ ಬೇರೇನೂ ಹೇಳಲಿಲ್ಲ. ಕಾಲರು ಕೆಳಗಿಳಿಯಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಆಗ ಕಾಣಿಸಿಕೊಂಡವನು ದೊಡ್ಡಣ್ಣ. ಗ್ಯಾರೇಜಿನ ಮೇಲೆ ಒಂದು ಕೋಣೆ ಹಿಡಿದಿದ್ದ. ಕೇರಂ ಬೋರ್ಡು, ಫ್ಯಾನು, ಮಾತಾಡಲು ಜನ. ಬೀದಿಯೆಲ್ಲ "ಮತ್ತೆ ಕೆಲಸ ಸಿಕ್ತಾ?" ಎಂದು ಕೇಳುತ್ತಿದ್ದಾಗ ಅವನೊಬ್ಬ, "ಊಟ ಆಯ್ತಾ ತಮ್ಮಾ?" ಎಂದು ಕೇಳಿದ. ಕಾಲರ್ ಹೋದದ್ದು ಆ ಮಾತಿಗೆ. ಯಾರನ್ನೂ ದ್ವೇಷಿಸುವುದಕ್ಕೆ ಅವನು ಆ ಮೆಟ್ಟಿಲು ಹತ್ತಲಿಲ್ಲ. ಹುಡುಗನ ಕಾಲರು ಮತ್ತೆ ಮೇಲೆದ್ದದ್ದು ನೋಡಿ ಅತ್ತೆಗೆ ಎಷ್ಟು ಸಂತೋಷವಾಯಿತೆಂದರೆ, ಆ ಕೋಣೆಯ ಕಿಟಕಿಗೆ ತಾನೇ ಪರದೆ ಹೊಲಿದು ಕಳಿಸಿದಳು. ಪೂರ್ತಿ ಉದ್ದದ್ದು, ನೆಲ ಮುಟ್ಟುವ ಹಾಗೆ. ಆಮೇಲೆ ಆ ಪರದೆ ನೆನೆಸಿಕೊಂಡಾಗಲೆಲ್ಲ ತನ್ನ ತಲೆಗೆ ತಾನೇ ಹೊಲಿಗೆಯ ಲೋಹದ ಬೆರಳುಟೋಪಿಯಿಂದ ಮೊಟಕಿಕೊಳ್ಳುತ್ತಿದ್ದಳು.

ಬದಲಾವಣೆ ಒಂದೇ ದಿನ ಬರಲಿಲ್ಲ. ಮೊದಲು ಆಚೆ ದಡದವರ ಬಗ್ಗೆ ಒಂದು ಜೋಕು ಬಂತು. ಜೋಕೇ ತಾನೆ, ಅತ್ತೆಯೂ ನಕ್ಕಳು. ಆಮೇಲೆ ಊಟದ ತಟ್ಟೆಯ ಪಕ್ಕ ಫೋನು ಬಂತು. ಅದರಲ್ಲಿ ಯಾರೋ ಯಾವಾಗಲೂ ಕಿರುಚುತ್ತಿದ್ದರು. ಆಮೇಲೆ 'ಕಾಜಾ ಮಾವ' ಹೋಗಿ 'ಅವರು' ಬಂತು. ಕೊನೆಗೊಂದು ಬೆಳಿಗ್ಗೆ ಅವನು ಅಂಗಡಿಯಲ್ಲಿ ಕೊಂಡ, ಗುಂಡಿಯಿಲ್ಲದ ದುಂಡುಕತ್ತಿನ ಬನಿಯನ್ನು ತೊಟ್ಟು ಹೊರಬಂದ.

"ಅಂಗಿ ಎಲ್ಲೋ?" ಅಂದಳು ಅತ್ತೆ.

"ಅವರ ಕೈ ಹತ್ತಿದ ಕಾಜಾ ಇರೋ ಅಂಗಿ ನಾನು ಹಾಕಲ್ಲ."

ಅತ್ತೆ ಆಗ ಹೌಹಾರಿದಳು. ಮನೆಯ ಹುಡುಗ ರೆಡಿಮೇಡ್ ತೊಟ್ಟದ್ದು ಒಂದು ಅವಮಾನ. ಕಾಲರ್ ಎನ್ನುವವನಿಗೆ ಕಾಲರೇ ಇಲ್ಲದ್ದು ಇನ್ನೊಂದು. ಮೂರನೆಯದಕ್ಕೆ ಅವಳ ಬಳಿ ಮಾತಿರಲಿಲ್ಲ.

ಮಾತಿಲ್ಲದಾಗ ದರ್ಜಿಗಳು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮರುದಿನ ಅವನು ಸ್ನಾನಕ್ಕೆ ಹೋದಾಗ ಅವನ ಪ್ಯಾಂಟುಗಳನ್ನೆಲ್ಲ ಎಳೆದುಕೊಂಡು, ಕೂತು, ಹೊಲಿಗೆ ಬಿಚ್ಚಿಬಿಟ್ಟಳು. ಸೊಂಟ, ಬದಿ, ನಡು, ಒಂದನ್ನೂ ಬಿಡಲಿಲ್ಲ. ಅವನು ಬಂದು ನೋಡಿದಾಗ ಮೇಜಿನ ಮೇಲೆ ಪ್ಯಾಂಟಿನ ಬದಲು ಪ್ಯಾಂಟಿನ ತುಂಡುಗಳಿದ್ದವು.

"ಇವತ್ತು ಆ ಕೋಣೆಗೆ ಹೇಗೆ ಹೋಗ್ತೀಯೋ ನೋಡ್ತೀನಿ" ಅಂದಳು, ಗೆದ್ದವಳ ಹಾಗೆ.

ಅವನ ಮುಖ ಬಿಳಿಚಿತು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಹಗಲುಹೊತ್ತಿನಲ್ಲೇ ಬೀದಿಗಿಳಿದ. ಬೀದಿ ನಕ್ಕಿತು. ಗ್ಯಾರೇಜಿನವರು ಸೀಟಿ ಹೊಡೆದರು. ಆದರೆ ಮಹಡಿಯ ಮೇಲೆ ಯಾರೂ ನಗಲಿಲ್ಲ. ದೊಡ್ಡಣ್ಣ ಎದ್ದು, ತನ್ನದೇ ಒಂದು ಪ್ಯಾಂಟು ತೆಗೆದುಕೊಟ್ಟು, "ಇದು ನಿನ್ನ ಮನೆ, ತಮ್ಮಾ. ಇಲ್ಲೇ ಇರು" ಅಂದ. ಕಾಲರ್ ಅಲ್ಲೇ ಉಳಿದ.

ಅತ್ತೆ ಬಿಚ್ಚಿದಳು, ಅಣ್ಣ ಕೊಟ್ಟ. ಬೀದಿ ಅದನ್ನು ಹೀಗೆ ಒಂದೇ ಸಾಲಿನಲ್ಲಿ ಹೇಳಿಕೊಂಡು ನಗುತ್ತಿತ್ತು. ಅತ್ತೆಯ ಯಂತ್ರ ಆ ವಾರವಿಡೀ ಸುಮ್ಮನಿತ್ತು. ಮೇಲಿನ ಬಾಡಿಗೆದಾರರಿಗೆ ಮಧ್ಯಾಹ್ನದ ನಿದ್ದೆಯೇ ಬರಲಿಲ್ಲವಂತೆ.

ಕಾಜಾ ಹಾಕಬೇಕಿದ್ದ ಬಟ್ಟೆ ಬರದಿದ್ದುದನ್ನು ಕಂಡು ಕಾಜಾ ಮಾವನೇ ನಡೆದುಕೊಂಡು ಬಂದ. ಎಲ್ಲ ಕೇಳಿ, ತಲೆ ಕೆರೆದುಕೊಂಡ.

"ಅಲ್ಲಾ ತಂಗ್ಯಮ್ಮಾ, ಪ್ಯಾಂಟು ಬಿಚ್ಚೋಕೆ ಹೋದ್ಯಾ? ಬೈಬೇಕಿತ್ತು, ಎರಡು ಹೊಡೀಬೇಕಿತ್ತು, ಅದು ಬೇರೆ."

"ಬೈದೆ. ಆ ದೊಡ್ಡಣ್ಣನ್ನ ಕತ್ತೆ ಅಂದೆ. ಅವತ್ತಿಂದ ಮರಿ ನನ್ನೆದುರು ಊಟಕ್ಕೇ ಕೂತಿಲ್ಲ."

"ಹಾಗಿದ್ರೆ ಬೈಗುಳವೂ ಬೇಡ. ಅವನಿಗೆ ಇಲ್ಲಿಗೆ ಬರೋಕೆ ಆಸೆ ಇದ್ರೂ ಮುಖ ಇಲ್ಲ. ಒಂದು ನೆಪ ಬೇಕು. ನೀನು ದರ್ಜಿ ತಾನೆ? ನೆಪಾನ ಹೊಲಿ."

"ನಿಮ್ಮನ್ನ ಅವನು ಏನಂತಾನೆ ಗೊತ್ತಾ ಯಜಮಾನ್ರೇ?"

"ಗೊತ್ತು" ಅಂದ ಕಾಜಾ ಮಾವ. "ನನ್ನ ಅಣಕಿಸೋದಾದ್ರೂ ಬಿಟ್ಟಿದಾನಾ ಇಲ್ವಾ?"

"ಬಿಟ್ಟಿದಾನೆ."

"ಅದೇ ನೋಡು ನನಗೆ ಭಯ."

ನೆಪ ತಾನಾಗಿ ಒದಗಿ ಬಂತು. ದೊಡ್ಡಣ್ಣ ಒಂದು ಮೆರವಣಿಗೆ ಮಾಡುತ್ತಾನೆ, ಅದಕ್ಕೆ ಎಲ್ಲರಿಗೂ ಬೂದಿ ಬಣ್ಣದ ಒಂದೇ ಥರದ ಅಂಗಿ ಹೊಲಿಸಬೇಕಂತೆ ಎಂಬ ಸುದ್ದಿ ಗ್ಯಾರೇಜಿನಿಂದ ಕೆಳಗಿಳಿಯಿತು. ಅತ್ತೆ ಅವತ್ತೇ ಟೇಪು ಸರಿಮಾಡಿಕೊಂಡು ಆ ಮೆಟ್ಟಿಲು ಹತ್ತಿದಳು. ತಾನೇ ಹೊಲಿದ ಪರದೆ ಪಕ್ಕಕ್ಕೆ ಸರಿಸಿ, ಕಾಲರ್ ಕಡೆ ನೋಡದೆ, ನೇರ ದೊಡ್ಡಣ್ಣನಿಗೆ ಹೇಳಿದಳು.

"ನನ್ನ ಹುಡುಗ ಇರೋ ಗುಂಪು. ಬೇರೆಯವರ ಹತ್ರ ಯಾಕೆ ಹೊಲಿಸ್ತೀರಿ? ನಾನು ಹೊಲೀತೀನಿ."

ದೊಡ್ಡಣ್ಣ ದೊಡ್ಡ ನಗೆ ನಕ್ಕ. "ನೋಡ್ರೋ, ಅತ್ತೆಗೂ ಅರ್ಥ ಆಯ್ತು! ಹೊಲೀರಿ ಅತ್ತೆ. ಎಲ್ಲಾರಿಗೂ ಒಂದೇ ಅಳತೆ ಸಾಕು. ನಾವೆಲ್ಲ ಒಂದೇ."

"ಒಂದೇ ಅಳತೆ ದಿಂಬಿಗೆ. ಒಬ್ಬೊಬ್ರಾಗಿ ಬಂದು ಅಳತೆ ಕೊಡ್ಲಿ, ಆಮೇಲೆ ಒಬ್ಬೊಬ್ರಾಗಿ ಟ್ರಯಲ್ಲಿಗೆ ಬರ್ಲಿ. ಇಲ್ಲಾಂದ್ರೆ ಮೆರವಣಿಗೇಲಿ ಕಂಕುಳು ಹರಿದ್ರೆ ನಾನು ಹೊಣೆ ಅಲ್ಲ."

ಕಂಕುಳು ಹರಿದ ಮೆರವಣಿಗೆಯನ್ನು ಊಹಿಸಿಕೊಂಡೋ ಏನೋ, ದೊಡ್ಡಣ್ಣ ಒಪ್ಪಿದ.

ಬೀದಿ ಅತ್ತೆಯ ಮೇಲೆ ಮುನಿಯಿತು. ಬ್ಯಾಂಕಿನ ಗುಮಾಸ್ತರು ಅರ್ಧ ಹೊಲಿದ ಕೋಟನ್ನು ವಾಪಸು ಒಯ್ದರು. "ಅಂಥವರಿಗೆ ಅಂಗಿ ಹೊಲಿಯೋದಾ? ನಾಚಿಕೆ ಇಲ್ವಾ?" ಎಂದು ಹಾಲಿನವಳು ಬಾಗಿಲಲ್ಲೇ ನಿಂತು ಕೇಳಿದಳು. ಅತ್ತೆಯ ಬಾಯಲ್ಲಿ ಸೂಜಿಗಳಿದ್ದವು. "ಹ್ಞೂ" ಅಂದಳು.

ಟ್ರಯಲ್ಲೆಂದರೆ ಏನೆಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ಅರ್ಧ ಹೊಲಿದ, ಉಳಿದರ್ಧ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಅಂಗಿಯೊಳಗೆ ಮನುಷ್ಯ ಕನ್ನಡಿಯೆದುರು ನಿಂತಿರುತ್ತಾನೆ. ಎದೆ ಉಬ್ಬಿಸಿದರೆ ಎದೆಗೆ ಚುಚ್ಚುತ್ತದೆ. ಕೈ ಎತ್ತಿದರೆ ಕಂಕುಳಿಗೆ. ದನಿ ಏರಿಸಿದರೆ ಕೊರಳಿಗೆ. ಸಣ್ಣಗೆ ಉಸಿರಾಡುತ್ತ, ಮೆಲ್ಲಗೆ ಮಾತಾಡಿದರೆ ಮಾತ್ರ ಕ್ಷೇಮ.

ಮೊದಲು ಸಿಕ್ಕಿಬಿದ್ದವನು ಗುಡುಗು. ಗುಂಪಿನ ಘೋಷಣೆ ಕೂಗುವವನು ಅವನೇ. ದೈತ್ಯ ಮೈ, ಅದಕ್ಕೆ ತಕ್ಕ ಗಂಟಲು.

"ಅತ್ತೇ, ಅವರಿಗೆ ಒಂದು ಸಲ ಬುದ್ಧಿ ಕಲಿಸ್ಲೇ... ಅಯ್ಯೋ!"

"ಅಲ್ಲಾಡ್ಬೇಡ. ಏನಂದೆ?"

"ಅವರು ನಮ್ಮ ಅನ್ನ ಕಿತ್ಕೊಂ... ಅಯ್ಯಯ್ಯೋ, ಅತ್ತೇ!"

"ಮೆತ್ತಗೆ ಹೇಳಪ್ಪಾ. ನಂಗೇನು ಕಿವುಡಾ?"

ಮೆತ್ತಗೆ ಹೇಳಲು ಹೋದಾಗ ಗುಡುಗಿನ ಮಾತು ಅವನಿಗೇ ಬೇರೆಯಾಗಿ ಕೇಳಿಸಿತೋ ಏನೋ. ಸ್ವಲ್ಪ ಹೊತ್ತು ಕನ್ನಡಿ ನೋಡಿದ. "ಅತ್ತೇ, ಅಂಗಿ ಸ್ವಲ್ಪ ಸಡಿಲ ಇರ್ಲಿ. ಮನೇಲಿ ಗೊತ್ತಾಗದ ಹಾಗೆ ಒಳಗೆ ಹಾಕ್ಕೊಂಡು ಬರ್ಬೇಕು. ಅಮ್ಮಂಗೆ ನಾನು ಕೇರಂ ಆಡೋಕೆ ಹೋಗ್ತೀನಿ ಅಂತ ಹೇಳಿದೀನಿ."

"ಮೆರವಣಿಗೆ ತಾನೆ? ಅಮ್ಮಂಗೆ ಹೇಳೋಕೇನು ಭಯ?"

ಅತ್ತೆ ಬೆನ್ನಿನ ಕಡೆ ಹೋಗಿ ಸುಮ್ಮನೆ ಮಡಿಕೆ ಹಿಡಿಯುತ್ತಿದ್ದಳು. ಬೆನ್ನ ಹಿಂದೆ ನಿಂತು ಬಟ್ಟೆ ಸರಿಮಾಡುವವರಿಗೆ ಜನ ಎಷ್ಟೋ ಹೇಳಿಬಿಡುತ್ತಾರೆ. ಅವನೂ ಹೇಳಿದ. ಮೆರವಣಿಗೆ ಹೊರಡುವುದು ಮಾರುಕಟ್ಟೆಯ ವಾರದ ರಜೆಯ ದಿನ, ದಾರಿಯಲ್ಲಿ ಸೇತುವೆ ಬುಡದ ಅಂಗಡಿಗಳಿಗೆ ಬೆಂಕಿ ಇಡುವುದು. ಶುರು ಕಾಜಾ ಅಂಗಡಿಯಿಂದ. ಅಲ್ಲಿ ಬಟ್ಟೆ ಇದೆ, ಬೇಗ ಹತ್ತುತ್ತದೆ. ಹಿಂಬಾಗಿಲು ತೆಗೆಯುವುದು ಕಾಲರಿನ ಕೆಲಸ.

"ಯಾರಿಗೂ ಏನೂ ಆಗಲ್ಲ ಅಂತ ದೊಡ್ಡಣ್ಣ ಹೇಳಿದಾನೆ" ಅಂದ ಗುಡುಗು, ತುಂಬ ಮೆಲ್ಲಗೆ.

ರಜೆಯ ದಿನ ಕಾಜಾ ಮಾವ ಹಗಲೂ ಅಂಗಡಿಯೊಳಗೇ ಮಲಗಿರುತ್ತಾನೆಂದು ಅತ್ತೆಗೆ ಗೊತ್ತಿತ್ತು. ಕಾಲರಿಗೂ ಗೊತ್ತಿತ್ತು.

ಅವತ್ತೇ ಅವಳು ಎರಡು ಕಡೆ ಹೋದಳು. ಠಾಣೆಯಲ್ಲಿ ಪೇದೆ ಎಲ್ಲ ಬರೆದುಕೊಂಡು, ಆ ದಿನ ಸೇತುವೆ ಹತ್ತಿರ ಇಬ್ಬರನ್ನು ನಿಲ್ಲಿಸುತ್ತೇವೆಂದ. "ಆದ್ರೆ ಅಮ್ಮಾ, ಅಂಗಿ ನೀವೇ ಹೊಲೀತಿದೀರಂತೆ?" ಎಂದು ಅನುಮಾನದಿಂದ ಕೇಳಿದ. "ಹೌದು. ನಿಮ್ಮ ಬಲತೋಳು ಉದ್ದ ಇದೆ, ಯಾರು ಹೊಲಿದದ್ದು?" ಅಂದಳು. ಅಲ್ಲಿಂದ ಕಾಜಾ ಅಂಗಡಿಗೆ. ಮಾವ ತನ್ನ ಹೆಂಡತಿಯನ್ನು ಮಗಳ ಮನೆಗೆ ಕಳಿಸಲು ಒಪ್ಪಿದ. ತಾನು ಹೋಗಲು ಒಪ್ಪಲಿಲ್ಲ. "ಯಂತ್ರ ಬಿಟ್ಟು ಎಲ್ಲಿಗೆ ಹೋಗ್ಲಿ? ಇಷ್ಟು ವರ್ಷದಲ್ಲಿ ಅದು ಒಂದು ದಿನಾನೂ ಒಬ್ಬಂಟಿ ಮಲಗಿಲ್ಲ."

ಕಾಲರ್ ಟ್ರಯಲ್ಲಿಗೆ ಬಂದದ್ದು ಎಲ್ಲರಿಗಿಂತ ಕೊನೆಗೆ. ಪರದೆಯ ಕೆಳಗೆ ಅವನ ಕಾಲು ಕಂಡಿತು. ದೊಡ್ಡಣ್ಣನ ಪ್ಯಾಂಟು ಕಣಕಾಲಿನ ಮೇಲೆ ಸುಕ್ಕುಸುಕ್ಕಾಗಿ ಬಿದ್ದಿತ್ತು. ಹೊರಬಂದಾಗ ನೋಡಿದರೆ ಸೊಂಟಕ್ಕೆ ಗೋಣಿದಾರ ಕಟ್ಟಿಕೊಂಡಿದ್ದ. ಮನೆ ಬಿಟ್ಟಾಗಿನಿಂದ ಹುಡುಗ ಒಂದು ಕೈಯಲ್ಲಿ ಘೋಷಣೆ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡೇ ತಿರುಗಿದ್ದನೆಂದು ಅತ್ತೆಗೆ ಹೊಳೆಯಿತು. ನಗು ಬಂತು. ಮೇಜಿನ ಕೆಳಗಿಂದ ಒಂದು ಗಂಟು ತೆಗೆದಳು. ಅವನ ಪ್ಯಾಂಟುಗಳು, ಒಂದೂ ಬಿಡದೆ ಮತ್ತೆ ಹೊಲಿದು, ಇಸ್ತ್ರಿ ಮಾಡಿ ಇಟ್ಟವು.

"ಬಿಚ್ಚಬಾರದಿತ್ತು ಮರೀ. ತಪ್ಪು ನಂದು."

ಅವನು ಗಂಟು ನೋಡಿದ, ಮುಟ್ಟಲಿಲ್ಲ. ಅತ್ತೆ ಬೂದಿ ಅಂಗಿಯ ಭುಜಕ್ಕೆ ಸೂಜಿ ಹಾಕತೊಡಗಿದಳು.

"ಕಾರ್ಖಾನೇಲೂ ಬಿಚ್ಚಿಸಿದ್ರು" ಅಂದ, ಕನ್ನಡಿಗೆ.

ಅತ್ತೆಯ ಕೈ ನಿಂತಿತು. ತುಟಿಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಕೊನೆಯದನ್ನು ಚುಚ್ಚುವವರೆಗೂ ಅವನು ಕಾದ.

"ಒಂದು ಟ್ರೇ ಬಿತ್ತು, ಅಷ್ಟೇ ಅತ್ತೆ. ಮೇಲ್ವಿಚಾರಕ ಗೇಟಿನ ತನಕ ಕರ್ಕೊಂಡು ಬಂದು, ಅಂಗಿ ಕಂಪನಿದು, ಬಿಚ್ಚಿಟ್ಟು ಹೋಗು ಅಂದ. ಪಾಳಿ ಬದಲಾಗೋ ಹೊತ್ತು. ಎಲ್ಲಾರೂ ನಿಂತಿದ್ರು. ಬನಿಯನ್ನಲ್ಲೇ ಹಿಂದಿನ ಗಲ್ಲಿಯಿಂದ ಮನೆಗೆ ಬಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಆಮೇಲೆ ನೀನೂ ಅದನ್ನೇ ಮಾಡಿದೆ."

ಅತ್ತೆ ಕುರ್ಚಿಯಲ್ಲಿ ಕೂತಳು. ಮೇಲೆ ಯಾರೋ ಮೆಟ್ಟಿಲಿಳಿದು ಹೋದರು. ಅವನೇ, ಯಾರೂ ಕೇಳದಿದ್ದರೂ, "ಆ ಮೇಲ್ವಿಚಾರಕ ನಮ್ಮ ದಡದವನೇ" ಅಂದ. ಅಂದವನೇ, ಬೇಡದ್ದೇನೋ ಬಾಯಿಂದ ಬಿತ್ತೆಂಬಂತೆ ತುಟಿ ಕಚ್ಚಿಕೊಂಡ. ಆ ಮಾತನ್ನು ಹಿಡಿದು ಎಳೆಯಲು ಅತ್ತೆಗೆ ಆಸೆಯಾಯಿತು. ಎಳೆಯಲಿಲ್ಲ. ಪ್ಯಾಂಟಿನ ಪಾಠ ಇನ್ನೂ ಹಸಿಯಾಗಿತ್ತು.

"ಉಳಿದ ಅಂಗಿಗಳು ಮುಗಿದ್ವು ಮರೀ" ಅಂದಳು. "ಕಾಜಾ ಬಾಕಿ. ನೀನೇ ತಗೊಂಡು ಹೋಗ್ಬೇಕು."

"ಅಲ್ಲಿಗಾ? ನಾನು ಹೋಗಲ್ಲ. ದೊಡ್ಡಣ್ಣನೂ ಒಪ್ಪಲ್ಲ."

"ಕೇಳ್ಕೊಂಡು ಬಾ. ಬೇರೆ ಯಂತ್ರ ಇದ್ರೆ ಹೇಳ್ಲಿ."

ಅವನು ಹೋಗಿ ಕೇಳಿದ. ಬೇಡ ಅನ್ನುತ್ತಾನೆಂದೇ ನಂಬಿದ್ದ. ಅವರ ಕೈ ಹತ್ತಿದ ಅಂಗಿ ತೊಡಬಾರದೆಂದು ಕಲಿಸಿದವನೇ ದೊಡ್ಡಣ್ಣ. ಆದರೆ ದೊಡ್ಡಣ್ಣ ಕೇರಂ ಬೋರ್ಡಿನಿಂದ ತಲೆ ಕೂಡ ಎತ್ತಲಿಲ್ಲ.

"ಕೆಲಸ ಮಾಡಿಸ್ಕೋ. ಕಾಜಾ ಆಗ್ಲಿ ಮೊದಲು, ಆಮೇಲೆ ತಾನೆ ಅವನಿಗೆ ಬೆಂಕಿ."

ಕೋಣೆ ನಕ್ಕಿತು. ಕಾಲರೂ ನಕ್ಕ. ಆದರೆ ಆ ನಗು ಮೆಟ್ಟಿಲಿಳಿಯುವಷ್ಟರಲ್ಲಿ ಎಲ್ಲೋ ಜಾರಿಹೋಯಿತು. ಅಂಗಿಗೆ ಬೆಂಕಿ ಅಂದಿರಲಿಲ್ಲ, ಅಂಗಡಿಗೆ ಅಂದಿರಲಿಲ್ಲ. 'ಅವನಿಗೆ' ಅಂದಿದ್ದ.

ಕಾಜಾ ಮಾವ ಬೂದಿ ಅಂಗಿಗಳ ಗಂಟನ್ನೂ, ಅದನ್ನು ಹೊತ್ತು ತಂದವನನ್ನೂ ಕನ್ನಡಕದ ಮೇಲಿಂದ ನೋಡಿದ. ಬಂದ್ಯಾ ಅನ್ನಲಿಲ್ಲ, ಯಾಕೆ ಬಂದೆ ಅನ್ನಲಿಲ್ಲ. ಸ್ಟೂಲು ಕಾಲಿನಿಂದ ತಳ್ಳಿದ. ಯಂತ್ರ ಟಕಟಕ ಶುರುವಾಯಿತು.

"ಇದ್ಯಾರದ್ದೋ, ಡೇರೆ ಇದ್ದ ಹಾಗಿದೆ?"

"ಗುಡುಗಂದು."

"ಹೊಟ್ಟೆ ಮೇಲೆ ಇನ್ನೊಂದು ಗುಂಡಿ ಹಾಕ್ಬೇಕು. ಇಲ್ಲಾಂದ್ರೆ ಹೊಕ್ಕಳು ಮೆರವಣಿಗೆ ನೋಡುತ್ತೆ."

ಕಾಲರಿಗೆ ನಗು ಬಂತು, ತಡೆದುಕೊಂಡ. ಮಾವ ಹೊಲಿದು ಮುಗಿಸಿದ ಅಂಗಿಗಳನ್ನು ಅವನ ತೊಡೆಯ ಮೇಲೆ ರಾಶಿ ಹಾಕಿ, ಹಳೆಯ ಡಬ್ಬಿಯಿಂದ ಬ್ಲೇಡು ತೆಗೆದುಕೊಟ್ಟ. "ಸೀಳೋದು ನಿನ್ನ ಕೆಲಸ. ನನ್ನ ಕೈ ಈಗ ನಡುಗುತ್ತೆ." ಎದ್ದು ಒಳಗೆ ಹೋಗುತ್ತ, ಹವಾಮಾನದ ಮಾತಾಡುವ ದನಿಯಲ್ಲೇ ಹೇಳಿದ: "ಹಿಂಬಾಗಿಲ ದಾರ ಸವೆದಿದೆ. ತೆಗೆದುಬಿಡಿ ಅಂತ ಎಲ್ಲಾರೂ ಹೇಳಿದ್ರು. ಆಮೇಲೆ ನೀನು ಬಂದ್ರೆ ಹೇಗೆ ಒಳಗೆ ಬರ್ತೀಯ ಅಂತ ಹಾಗೇ ಬಿಟ್ಟಿದೀನಿ."

ಕಾಲರ್ ಬ್ಲೇಡು ಹಿಡಿದು ಕೂತ. ಬೆಳಕು ಸೇತುವೆಯ ಕಂಬಿಗಳಿಂದ ಅಂಗಡಿಯ ನೆಲಕ್ಕೆ ಇಳಿದು, ಗೆರೆಗೆರೆಯಾಗಿ ಸರಿಯುತ್ತಿತ್ತು. ಎದುರಿಗೆ ಒತ್ತೊತ್ತು ದಾರದ ಪುಟ್ಟ ಪುಟ್ಟ ಬಾಯಿಗಳು, ಎಲ್ಲವೂ ಮುಚ್ಚಿಕೊಂಡು ಕಾಯುತ್ತಿದ್ದವು. ಕೈ ಏಳಲಿಲ್ಲ. ಕತ್ತಲಾಗುವ ಮೊದಲು ಅಂಗಿಗಳನ್ನು ಅಂದವಾಗಿ ಮಡಿಸಿ, ಗಂಟು ಕಟ್ಟಿ, ಗ್ಯಾರೇಜಿನ ಮಹಡಿಗೆ ತಲುಪಿಸಿ, ನೇರ ಅತ್ತೆಯ ಅಂಗಡಿಗೆ ಬಂದು ಮೇಜಿನ ಕೆಳಗೆ ಮಲಗಿಬಿಟ್ಟ. ಅಷ್ಟುದ್ದದ ಮೈ, ಕಾಲು ಹೊರಗಿತ್ತು. ಅತ್ತೆ ಏನೂ ಕೇಳದೆ ಯಂತ್ರ ತುಳಿಯತೊಡಗಿದಳು.

ರಜೆಯ ದಿನ ಬೆಳಿಗ್ಗೆ ಬೀದಿಯಲ್ಲಿ ಒಂದು ವಿಚಿತ್ರ ಸಾಲು ಕಂಡಿತು. ಬೂದಿ ಅಂಗಿ ತೊಟ್ಟ ಹುಡುಗರು, ಎಲ್ಲರದೂ ಎದೆ ತೆರೆದು ಬನಿಯನ್ನು ಕಾಣುತ್ತಿದೆ, ಎಲ್ಲರೂ ಎರಡೂ ಕೈಯಲ್ಲಿ ಅಂಗಿಯ ಅಂಚು ಹಿಡಿದುಕೊಂಡು ನಡೆದು ಬರುತ್ತಿದ್ದಾರೆ. ಮುಂದೆ ಗುಡುಗು.

"ಅತ್ತೇ, ಗುಂಡಿ ಹೋಗ್ತಿಲ್ಲ!"

"ನಂದೂ ಹೋಗ್ತಿಲ್ಲ ಅತ್ತೆ!"

"ಒತ್ತಿ ನೋಡಿದ್ಯಾ?"

"ಒತ್ತಿದೆ, ಗುಂಡಿನೇ ಒಡೀತು!"

ಹಾಲಿನವಳು ಪಾತ್ರೆ ಕೆಳಗಿಟ್ಟು ನಕ್ಕಳು. ಮಹಡಿಯ ಕಿಟಕಿಗಳು ನಕ್ಕವು. ಒಬ್ಬರ ಎದೆ ಒಬ್ಬರು ನೋಡಿಕೊಂಡು ಹುಡುಗರೂ ನಗತೊಡಗಿದರು. ಹಿಂದೆ ದೊಡ್ಡಣ್ಣ ಬಂದ. ಅವನೂ ಒಂದು ಕೈಯಲ್ಲಿ ಅಂಗಿ ಹಿಡಿದಿದ್ದ, ನಗುತ್ತಿರಲಿಲ್ಲ.

"ಯಾರು ಮಾಡಿದ್ದು ಇದು?"

ಮೇಜಿನ ಕೆಳಗಿಂದ ಕಾಲರ್ ಎದ್ದು ನಿಂತ. ಅವನ ಪ್ಯಾಂಟು ಅವನ ಅಳತೆಗಿತ್ತು.

"ನಾನು. ಸೀಳ್ಲಿಲ್ಲ." ದೊಡ್ಡಣ್ಣನ ಎದುರಿಗೆ ಬಂದ. "ಹಿಂಬಾಗಿಲೂ ತೆಗೆಯಲ್ಲ ದೊಡ್ಡಣ್ಣ. ಮಾವ ಒಳಗೇ ಮಲಗಿರ್ತಾನೆ. ನಂಗೆ ಗೊತ್ತಿತ್ತು, ನಿಮಗೆ ಹೇಳಿರ್ಲಿಲ್ಲ. ಈಗ ಹೇಳ್ತಿದೀನಿ."

ನಗು ನಿಂತಿತು. ಗುಡುಗು ತಿರುಗಿ ನೋಡಿದ. "ಒಳಗೆ ಜನ ಇರಲ್ಲ ಅಂದಿದ್ರಿ?"

"ಅಂಗಿ ಇಲ್ಲದಿದ್ರೆ ಏನೀಗ? ಹೊರಡ್ರೋ!" ದೊಡ್ಡಣ್ಣ ಗದರಿದ. "ನನ್ನ ಉಪ್ಪು ತಿಂದು, ನನ್ನ ಪ್ಯಾಂಟು ತೊಟ್ಟು..."

"ತಗೊಳ್ಳಿ" ಎಂದು ಅತ್ತೆ ಒಂದು ಪೊಟ್ಟಣ ಮುಂದೆ ಚಾಚಿದಳು. "ಒಗೆದು, ಸೊಂಟದ ಹೊಲಿಗೆ ಬಿಗಿ ಮಾಡಿದೀನಿ. ಅವತ್ತು ನನ್ನ ಹುಡುಗನ್ನ ಬರಿಮೈಲಿ ಬಿಡಲಿಲ್ಲ ನೀವು. ಅದಕ್ಕೆ ಋಣಿ." ಅವಳ ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ. "ಆದ್ರೆ ಅವನನ್ನ ಕೊಡಲ್ಲ."

ದೊಡ್ಡಣ್ಣನಿಗೆ ಪೊಟ್ಟಣ ಹಿಡಿಯಲು ಒಂದು ಕೈ, ಅಂಗಿ ಹಿಡಿಯಲು ಇನ್ನೊಂದು ಕೈ ಬೇಕಾಯಿತು. ಬೆರಳೆತ್ತಿ ಬೈಯಲು ಕೈ ಉಳಿಯಲಿಲ್ಲ. ಒಂದಿಬ್ಬರು ಅವನ ಹಿಂದೆ ಹೋದರು. ಸೇತುವೆಯ ಬಳಿ ಪೇದೆಗಳನ್ನು ಕಂಡು ಗಲ್ಲಿಗಳಲ್ಲಿ ಕರಗಿದರು. ಉಳಿದವರು ಅತ್ತೆಯ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತರು, ಮನೆಗೆ ಏನೆಂದು ಹೇಳುವುದೆಂದು ತಿಳಿಯದೆ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾದೀತು. ದೊಡ್ಡಣ್ಣ ಊರಿನ ಇನ್ನೊಂದು ಭಾಗದಲ್ಲಿ ಕೋಣೆ ಹಿಡಿದಿದ್ದಾನಂತೆ. ಅಲ್ಲಿ ಪರದೆ ಯಾರು ಹೊಲಿದುಕೊಟ್ಟರೋ. ಕಾಲರಿಗೆ ಬಹಳ ದಿನ ಬೆದರಿಕೆಯ ಕರೆಗಳು ಬಂದವು. ಠಾಣೆಗೂ ಅಲೆದಾಟವಾಯಿತು. ಬ್ಯಾಂಕಿನ ಗುಮಾಸ್ತರು ಕೋಟು ತಂದರು, ಕ್ಷಮೆ ತರಲಿಲ್ಲ. ಊಟದ ಹೊತ್ತಿನಲ್ಲಿ ಹುಡುಗನ ಬಾ‌ಯಿಂದ ಈಗಲೂ ಒಮ್ಮೊಮ್ಮೆ 'ಅವರು' ಎಂದು ಬಂದುಬಿಡುತ್ತದೆ. ಅತ್ತೆ ಬೈಯುವುದಿಲ್ಲ, "ಯಾರು?" ಎಂದು ಕೇಳುತ್ತಾಳೆ. ಅವನು ಯೋಚಿಸುತ್ತಾನೆ. ಗುಡುಗು ಮೊನ್ನೆ ತನ್ನ ಬೂದಿ ಅಂಗಿ ತಂದು, "ಗೋದಾಮಿನ ಕೆಲಸಕ್ಕೆ ಹಾಕ್ಕೋತೀನಿ, ಸೀಳಿಕೊಡೋ" ಅಂದ. ಕಾಲರ್ ಒಂದು ಎಳೆಯೂ ತುಂಡಾಗದಂತೆ ಸೀಳಿಕೊಟ್ಟ. ಹೊಕ್ಕಳಿನ ಮೇಲಿನದ್ದನ್ನೂ.

ಆದರೆ ಆ ರಜೆಯ ದಿನ ಮಧ್ಯಾಹ್ನ ಅತ್ತೆ ಅವನ ಕೈಗೆ ಕೊಟ್ಟದ್ದು ಒಂದು ಗಟ್ಟಿ ದಾರದ ಉಂಡೆ. "ಸವೆದಿದೆಯಂತೆ" ಅಂದಳು, ಅಷ್ಟೇ. ಅವನು ಕಾಲರಿರುವ ಅಂಗಿ ತೊಟ್ಟು ಸೇತುವೆಯ ಕಡೆ ನಡೆದ. ಪೇದೆಗಳು ಅನುಮಾನದಿಂದ ನೋಡಿದರು. ಹಿಂಬಾಗಿಲಿನ ಹತ್ತಿರ ಕೂತು ಹಳೆಯ ದಾರಕ್ಕೆ ಹೊಸದನ್ನು ಗಂಟು ಹಾಕಿ ತೂತಿನೊಳಗೆ ತೂರಿಸುವಾಗ ಒಳಗೆ ಹಾಸಿಗೆ ಸರಿದ ಸದ್ದಾಯಿತು.

"ಯಾರದು?" ಮಾವನ ದನಿಯಲ್ಲಿ ಹೆದರಿಕೆಯಿತ್ತು. ಆ ದನಿಯಲ್ಲಿ ಹೆದರಿಕೆಯನ್ನು ಕಾಲರ್ ಕೇಳಿದ್ದು ಅದೇ ಮೊದಲು.

ಅವನು ದಾರವನ್ನು ಕೆಳಗೆ, ಆಮೇಲೆ ಓರೆಯಾಗಿ ಎಳೆದ. ಚಿಲಕ ಕಳಚಿತು.

"ನಾನೂಊ ಮಾವಾಆ" ಅಂದ, ಮಾತಿನ ಬಾಲವನ್ನು ಸೇತುವೆಯ ಆಚೆಗೂ ಮುಟ್ಟುವಷ್ಟು ಎಳೆದು.

ಒಳಗೆ ಕನ್ನಡಕಕ್ಕೆ ತಡಕಾಡಿದ ಸದ್ದಾಯಿತು.

"ಇನ್ನೊಂದು ಸಲ ಹೇಳೋ" ಅಂದ ಕಾಜಾ ಮಾವ.